ಕಾಯ್ತಿದ್ದೀನಿ ಅಂದವರು

ಜೂನ್ 9

ಸೊನ್ನೆ,

ಕಳೆದ ಮೇ ಹದಿನಾರರಂದು ನಿನ್ನ ಸಂಸ್ಥೆಯ ವರದಿ ಏಳು ಜನ ಮರ್ಯಾದಸ್ಥರನ್ನು ಊರ ಮುಂದೆ ನಿಲ್ಲಿಸಿ ಚಟಗಾರರು ಎಂದು ಕರೆಯಿತು. ಮಾರನೆಯ ದಿನ ಪತ್ರಿಕೆಯವರು ಅದನ್ನೇ ಮುಖಪುಟದ ಕೆಳಗೆ ಚೌಕಟ್ಟು ಕಟ್ಟಿ ಹಾಕಿದರು. ನಾನು ಇವೆರಡನ್ನೂ ಮರೆಯುವವಳಲ್ಲ. ಕ್ಷೇಮ ಸಮಾಚಾರ ಆಮೇಲೆ.

ಯಾವ ವರದಿ ಎಂದು ಕೇಳಬೇಡ. ಇಂಟರ್‌ನೆಟ್ಟಿನ ಗೀಳು ಹಿಡಿದವರನ್ನು ಇಂಟರ್‌ನೆಟ್ಟಿನಲ್ಲೇ ಗುಂಪು ಸೇರಿಸಿ, ವಾರಕ್ಕೊಮ್ಮೆ ಚರ್ಚೆ ಮಾಡಿಸಿ, ಅವರು ಟೈಪ್ ಮಾಡಿದ್ದನ್ನೆಲ್ಲ ಅಧ್ಯಯನ ಮಾಡಿದಿರಲ್ಲ, ಅದು. ಕುಡುಕರನ್ನು ಅರ್ಥಮಾಡಿಕೊಳ್ಳಲು ಸಾರಾಯಿ ಅಂಗಡಿಯಲ್ಲೇ ಸಭೆ ಕರೆದ ಹಾಗಾಯಿತು ಎಂದು ಆಗಲೇ ನಕ್ಕಿದ್ದೆ. ಈಗ ನಗು ಬರುತ್ತಿಲ್ಲ. ವರದಿಯ ಮಾತು ಇದು: "ಚರ್ಚೆಯ ಅವಧಿ ಮುಗಿದ ಮೇಲೂ ಸದಸ್ಯರು ಮತ್ತೆ ಮತ್ತೆ ಚರ್ಚಾಕೋಣೆಗೆ ಬಂದು 'ಕಾಯ್ತಿದ್ದೀನಿ' ಎಂದು ಬರೆದಿದ್ದಾರೆ. ಉತ್ತರಕ್ಕಾಗಿ ಹಪಹಪಿಸುವ ಈ ವರ್ತನೆ ಚಟದ ಸ್ಪಷ್ಟ ಲಕ್ಷಣ." ಪತ್ರಿಕೆಯ ತಲೆಬರಹ: "ಚಟ ಬಿಡಲು ಸೇರಿದವರಿಗೆ ಗುಂಪೇ ಚಟ!" ಆಶ್ಚರ್ಯಸೂಚಕ ಬೇರೆ. ನಾನು ಕರಡು ತಿದ್ದುತ್ತಿದ್ದ ಕಾಲದಲ್ಲಿ ಆ ಚಿಹ್ನೆಯನ್ನು ಸಂಪಾದಕರ ಅಪ್ಪಣೆಯಿಲ್ಲದೆ ಹಾಕುವಂತಿರಲಿಲ್ಲ.

ನನಗೆ ಗೊತ್ತಿರುವ ಒಬ್ಬರು ಆ ಗುಂಪಿನಲ್ಲಿದ್ದರು. ವರದಿ ಶುದ್ಧ ಸುಳ್ಳು ಎನ್ನುತ್ತಾರೆ.

ನಗರಸಭೆಯವರು ಗ್ರಂಥಾಲಯದ ಓದುಕೋಣೆ ಮುಚ್ಚಿದಾಗ ನೀನು ಚಿಕ್ಕವಳು. "ಓದುಗರ ಹಿತದೃಷ್ಟಿಯಿಂದ" ಎಂದು ಬಾಗಿಲಿಗೆ ಬೋರ್ಡು ನೇತುಹಾಕಿದ್ದರು. ಯಾವ ಓದುಗರು, ಯಾವ ಹಿತ ಎಂದು ಕೇಳಿ ಬರೆದ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ. ಅಂದಿನಿಂದ ನೋಡುತ್ತಿದ್ದೇನೆ: ಯಾರ ಬಗ್ಗೆ ಬರೆಯುತ್ತಾರೋ ಅವರನ್ನೊಂದು ಮಾತು ಕೇಳುವ ಅಭ್ಯಾಸ ನಮ್ಮಲ್ಲಿ ಯಾವ ಕಚೇರಿಗೂ ಇಲ್ಲ. ನಿನ್ನ ಕಚೇರಿಯಾದರೂ ಬೇರೆ ಇರಬಹುದು ಅಂದುಕೊಂಡಿದ್ದೆ.

ಆರೋಗ್ಯವೇ? ಕಿಟಕಿಗೆ ಬೆನ್ನು ಕೊಟ್ಟು ಕೂರಬೇಡ, ಕತ್ತು ಹಿಡಿದುಕೊಳ್ಳುತ್ತದೆ.

ದೊಡ್ಡಮ್ಮ


ಜೂನ್ 17

ಪ್ರೀತಿಯ ದೊಡ್ಡಮ್ಮ,

ನಮ್ಮ ಸ್ವಾಗತಕಾರಿಣಿ ನಿನ್ನ ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. "ಮೇಡಂ, ನಿಮಗೆ ಕಾಗದ ಬಂದಿದೆ. ನಿಜವಾದ ಕಾಗದ!" ಅಂದಳು. ಅಂಚೆಚೀಟಿ ತನಗೆ ಬೇಕು ಅಂತಲೂ ಅಂದಳು. ಕೊಟ್ಟೆ. ಫೋನ್ ಮಾಡಬಾರದಾ ಎಂದು ಕೇಳುವುದಿಲ್ಲ. ಫೋನಿನಲ್ಲಿ ನೀನು ಬೈಯುವಾಗ ನಡುವೆ ಬಾಯಿ ಹಾಕಬಹುದು, ಕಾಗದದಲ್ಲಿ ಆಗುವುದಿಲ್ಲ. ಅದಕ್ಕೇ ಬರೆಯುತ್ತೀಯ.

ವರದಿಯ ವಿಚಾರ. ದೊಡ್ಡಮ್ಮ, ನಾವು ಮನಸ್ಸಿಗೆ ಬಂದ ಹಾಗೆ ಬರೆಯುವುದಿಲ್ಲ. ಯಾರು ಹೇಳಿದರು ಎಂದು ಗೊತ್ತಿದ್ದರೆ ಓದುವವರ ಮನಸ್ಸು ಒಂದು ಕಡೆಗೆ ವಾಲುತ್ತದೆ. ಆದ್ದರಿಂದ ಮೊದಲು ಹೆಸರುಗಳನ್ನು ತೆಗೆದುಹಾಕುತ್ತೇವೆ. ಆಮೇಲೆ ಒಂದೊಂದು ಸಾಲನ್ನೂ ಬಿಡಿಸಿ, ಎಲ್ಲವನ್ನೂ ಕಲಸಿ, ವಿಂಗಡಿಸುವವರ ಮುಂದೆ ಇಡುತ್ತೇವೆ. ಅವರು ಒಂದೇ ಅರ್ಥದ ಸಾಲುಗಳನ್ನು ಒಂದೊಂದು ಗುಡ್ಡೆಗೆ ಹಾಕುತ್ತಾರೆ: ಆತಂಕ, ಅಪರಾಧಿಭಾವ, ನಿರೀಕ್ಷೆ, ಹೀಗೆ. ಯಾರ ಮುಲಾಜೂ ಇಲ್ಲ. ಇದಕ್ಕಿಂತ ನ್ಯಾಯವಾದ ದಾರಿ ನನಗೆ ಗೊತ್ತಿಲ್ಲ. ವಿಂಗಡಣೆ ನಮ್ಮ ವಿಭಾಗದಲ್ಲೇ ಆಯಿತು, ಅಚ್ಚುಕಟ್ಟಾಗಿಯೇ ಆಯಿತು.

ನಿನಗೆ ಗೊತ್ತಿರುವ ಆ ಒಬ್ಬರಿಗೆ ಬೇಸರವಾಗಿರುವುದು ಸಹಜ. ಕನ್ನಡಿ ಕಂಡರೆ ಎಲ್ಲರಿಗೂ ಮೊದಲು ಕೋಪವೇ ಬರುವುದು. ಸ್ವಲ್ಪ ದಿನ ಬಿಟ್ಟು ಮತ್ತೊಮ್ಮೆ ಓದಲಿ.

ನಿನ್ನ ಕನ್ನಡಕದ ಹೊಸ ಗಾಜು ಬಂತಾ? ಪತ್ರದಲ್ಲಿ ಸಾಲುಗಳು ಬಲಕ್ಕೆ ಇಳಿದಿವೆ. ಬರಲಿಲ್ಲ ಅಂತ ಕಾಣುತ್ತೆ.

ನಿನ್ನ ಸೊನ್ನೆ


ಜೂನ್ 23

ಸೊನ್ನೆ,

ಕನ್ನಡಿಯ ಮಾತು ಬರೆದೆಯಲ್ಲ, ಸರಿ. ಕನ್ನಡಿಯ ಮುಂದೆ ನಿಂತವಳೇ ಬರೆಯುತ್ತಿದ್ದೇನೆ. ನನಗೆ ಗೊತ್ತಿರುವ ಆ ಒಬ್ಬರು ನಾನೇ. ಗುಂಪಿನಲ್ಲಿ ನನ್ನ ಹೆಸರು "ಒತ್ತು".

ನಗಬೇಡ. ಕೆಲಸ ಬಿಟ್ಟ ಮೇಲೆ ಪತ್ರಿಕೆಯ ಸುದ್ದಿಗಳ ಕೆಳಗೆ ಜನ ಬರೆಯುವ ಪ್ರತಿಕ್ರಿಯೆಗಳನ್ನು ಓದತೊಡಗಿದೆ. ಓದುತ್ತಾ ಓದುತ್ತಾ ಕಾಗುಣಿತ ತಿದ್ದತೊಡಗಿದೆ. "ಅಲ್ಪಪ್ರಾಣ ಬೇಕಾದ ಕಡೆ ಮಹಾಪ್ರಾಣ ಹಾಕಿದ್ದೀರಿ" ಎಂದು ನಾನು ಬರೆದರೆ, "ನಿನ್ನ ಪ್ರಾಣ ತೆಗೀತೀನಿ ಮುದುಕಿ" ಎಂದು ಅವರು. ಹೀಗೆ ಬೆಳಿಗ್ಗೆ ಕೂತರೆ ಒಲೆಯ ಮೇಲಿಟ್ಟ ಪಾತ್ರೆ ಸೀದ ವಾಸನೆ ಬಂದಾಗಲೇ ಏಳುತ್ತಿದ್ದದ್ದು. ಎರಡು ಪಾತ್ರೆ ಹೋದ ಮೇಲೆ ನಿಮ್ಮ ಸಂಸ್ಥೆಯ ಜಾಹೀರಾತು ಕಂಡಿತು. ನಡೆಸುವವನು ನಿನ್ನ ಸಹೋದ್ಯೋಗಿ, ನೀನಲ್ಲ ಎಂದು ಖಚಿತ ಮಾಡಿಕೊಂಡೇ ಸೇರಿದೆ. ನಿನಗೆ ಹೇಳಲಿಲ್ಲ. ಅಕ್ಷರ ಕಲಿಸಿದ ದೊಡ್ಡಮ್ಮ ಬೀದಿಜಗಳದ ಗೀಳು ಹತ್ತಿಸಿಕೊಂಡಿದ್ದಾಳೆ ಎಂದು ಯಾವ ಬಾಯಲ್ಲಿ ಹೇಳಲಿ?

ಅಲ್ಲಿ ನನಗೆ ಹತ್ತಿರವಾದವರು ಮೂವರು. ಆಂಬುಲೆನ್ಸ್ ಓಡಿಸುವ "ಸೈರನ್". ಬೇಡದ ಸಾಮಾನು ತರಿಸಿ ವಾಪಸ್ ಕಳಿಸುವುದೇ ಬದುಕಾಗಿದ್ದ ದರ್ಜಿ ಹೆಂಗಸು "ಪಾರ್ಸೆಲ್". ಹಲ್ಲಿನ ಸೆಟ್ಟು ತಯಾರಿಸುವ "ದವಡೆ". ದವಡೆಗೆ ಫೋನಿನ ಆಟದ ಗೀಳು. ಹೆಂಡತಿ ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸು, ತಿಂಗಳಿಗೆರಡು ಸಲ ಬರುತ್ತಾಳೆ. ಮೂರನೇ ಕ್ಲಾಸಿನ ಮಗಳು ಇವನ ಜೊತೆ. ಒಂದು ದಿನ ಅವಧಿ ಮುಗಿದು ನಿನ್ನ ಸಹೋದ್ಯೋಗಿ ಹೊರಟುಹೋದ ಮೇಲೆ ದವಡೆ ಬರೆದ:

"ಶಾಲೆ ಬಿಡೋ ಹೊತ್ತಿಗೇ ನನಗೆ ಕೆಲಸ ಕಮ್ಮಿ. ಕೈ ಖಾಲಿ ಆದ್ರೆ ಫೋನು, ಫೋನ್ ತೆಗೆದ್ರೆ ಆಟ. ಮಗಳು ಗೇಟಲ್ಲೇ. ಹೋದ ವಾರ ವಾಚ್‌ಮನ್ ಅವಳಿಗೆ ತನ್ನ ಕುರ್ಚಿ ಕೊಟ್ಟು ತಾನು ನಿಂತಿದ್ದ. ಆ ಹೊತ್ತಲ್ಲಿ ಯಾರಾದ್ರೂ ನನ್ನನ್ನ ಸ್ವಲ್ಪ ಕಾಯ್ತೀರಾ?"

ಸೈರನ್: "ದನ ಕಾದವನು ಕಣಯ್ಯಾ ನಾನು, ನಿನ್ನನ್ನ ಕಾಯೋದು ಯಾವ ಮಹಾ! ಕೊಂಬಿಲ್ಲ ತಾನೆ?"

ಪಾರ್ಸೆಲ್: "ಕೊಂಬಿಲ್ಲ, ಬರೀ ದವಡೆ."

ಅಂದಿನಿಂದ ಏಳನೆಯವನಾದ ಅವನನ್ನು ಆರು ಜನ ಸರದಿ ಮೇಲೆ ಕಾದೆವು. ಶಾಲೆ ಬಿಡುವ ಹೊತ್ತಿಗೆ ಸರದಿಯವರು ಕೋಣೆಗೆ ಬಂದು "ಕಾಯ್ತಿದ್ದೀನಿ" ಎಂದು ಬರೆಯುವುದು. ಅವನು ಆಟ ಮುಚ್ಚಿ ಸ್ಕೂಟರ್ ಹತ್ತಿ ಹೋಗಿ "ಗೇಟಲ್ಲಿದ್ದೀನಿ" ಎಂದು ಬರೆಯುವುದು. ಅಷ್ಟೇ. ಪರೀಕ್ಷೆ ಮುಗಿದು ರಜೆ ಬರುವವರೆಗೆ ಆ ಮಗು ಇನ್ನೊಂದು ದಿನ ಗೇಟಿನಲ್ಲಿ ಒಂಟಿಯಾಗಿ ನಿಲ್ಲಲಿಲ್ಲ. ಮಧ್ಯಾಹ್ನಕ್ಕೊಂದು ಕೆಲಸವಾಯಿತು ನೋಡು, ನನ್ನ ಬೀದಿಜಗಳವೂ ತಾನಾಗಿ ಬಿಟ್ಟುಹೋಯಿತು.

ಕಾವಲು ಕಾದವರನ್ನು ನೀವು ಹಪಹಪಿಸುವವರು ಅಂದಿರಿ! (ಇದು ಸಕಾರಣ ಆಶ್ಚರ್ಯಸೂಚಕ.)

"ಹಲ್ಲಿನ ಸೆಟ್ಟು ಮಾಡುವ ಒಬ್ಬ ತಂದೆಯಂತೂ ಪ್ರತಿ ಮಧ್ಯಾಹ್ನ ಹಾಜರು" ಎಂದೂ ಕೋಣೆಯ ಹಾಜರಿಪಟ್ಟಿ ನೋಡಿ ಬರೆದಿರಿ. ಊರಿನಲ್ಲಿ ಆ ಕೆಲಸದವರು ಎಷ್ಟು ಜನ ಇದ್ದಾರೆ? ಅವನ ಹೆಂಡತಿ ಓದಿದಳು. ಮಗಳನ್ನು ತನ್ನ ಊರಿನ ಶಾಲೆಗೆ ಸೇರಿಸಿ, ಆಸ್ಪತ್ರೆಯ ವಸತಿಯಲ್ಲಿ ಇಟ್ಟುಕೊಳ್ಳುತ್ತೇನೆ ಎನ್ನುತ್ತಿದ್ದಾಳೆ. ಆಗಸ್ಟ್ ಹತ್ತಕ್ಕೆ ಅಲ್ಲಿ ಸೇರಿಸಿಕೊಳ್ಳುವ ಗಡುವು ಮುಗಿಯುತ್ತದೆ. ಅವನ ಮಾತನ್ನು ನಂಬಬೇಕೋ, ಸಂಸ್ಥೆಯ ಮುದ್ರೆ ಬಿದ್ದ ವರದಿಯನ್ನು ನಂಬಬೇಕೋ? ಅವಳದ್ದೂ ತಪ್ಪಿಲ್ಲ.

ಆ ಸಾಲನ್ನು ಆ ಗುಡ್ಡೆಗೆ ಹಾಕಿದ ಕತ್ತೆ ಯಾವುದೆಂದು ತಿಳಿದು ಬರೆ. ಭಾಷೆ ಬಾರದ ಯಂತ್ರವಾದರೆ ಕ್ಷಮಿಸುತ್ತೇನೆ. ಮನುಷ್ಯನಾದರೆ, ಅವನಿಗೆ ಅಕ್ಷರ ಕಲಿಸಿದ ಮೇಷ್ಟ್ರು ಯಾರೆಂದು ಕೇಳಿ ಹೇಳು. ಅವರಿಗೂ ಒಂದು ಪತ್ರ ಬರೆಯುವುದಿದೆ.

ದೊಡ್ಡಮ್ಮ


ಜುಲೈ 8

ಸೊನ್ನೆ,

ಉತ್ತರವಿಲ್ಲ. ಅಂಚೆಯವನನ್ನು ಕೇಳಿದೆ. "ನಿಮ್ ಪತ್ರ ಹೋಗಿದೆ ಅಮ್ಮಾ, ಬರೋದು ಬರ್ಬೇಕಲ್ಲ" ಅಂದ. ಅವನ ಮಾತಿನಲ್ಲಿ ಕನಿಕರವಿತ್ತು, ಅದು ನನಗೆ ಹಿಡಿಸಲಿಲ್ಲ.

ನಾಚಿಕೆಯಾಯಿತಾ? ಗೀಳಿನ ಬಗ್ಗೆ ಅಧ್ಯಯನ ಮಾಡುವವಳ ದೊಡ್ಡಮ್ಮನಿಗೇ ಗೀಳು ಎಂದರೆ ನಾಲ್ಕು ಜನರ ಮುಂದೆ ನಿನಗೆ ಕಷ್ಟವೇ. ನಾನು ಬರೆಯಬಾರದಿತ್ತೇನೋ. ಬರೆದದ್ದರಲ್ಲಿ ಒಂದಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೂ.

ಕನ್ನಡಕ ಬಂತು. ಸಾಲು ನೆಟ್ಟಗಿದೆ, ನೋಡಿಕೋ.

ದೊಡ್ಡಮ್ಮ


ಜುಲೈ 15

ದೊಡ್ಡಮ್ಮ,

ಆ ಕತ್ತೆ ನಾನು. ಮೇಷ್ಟ್ರು ಯಾರೆಂದು ಕೇಳಿದೆಯಲ್ಲ, ಮೇಷ್ಟ್ರು ನೀನು.

ನಾಚಿಕೆ ಆದದ್ದು ನಿಜ, ಆದರೆ ನಿನ್ನಿಂದಲ್ಲ. "ವಿಂಗಡಣೆ ನಮ್ಮ ವಿಭಾಗದಲ್ಲೇ ಆಯಿತು" ಎಂದು ಬರೆದೆನಲ್ಲ, ಆ ವಿಭಾಗದಲ್ಲಿ ನಾನೊಬ್ಬಳೇ ಇರುವುದು. ನಿನ್ನ ಪತ್ರ ಓದಿದ ಮೇಲೆ ಕಲಸದ ಮೂಲಪ್ರತಿಯನ್ನು ತರಿಸಿ, ಹೆಸರಿನ ಸಮೇತ, ಬರೆದ ಕ್ರಮದಲ್ಲೇ ಓದಿದೆ. ಅದಕ್ಕೇ ತಡವಾಯಿತು. ಓದುತ್ತಾ ಮೇಜಿನ ಮುಂದೆ ಒಬ್ಬಳೇ ನಕ್ಕೆ, ಆಮೇಲೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ನನ್ನ ಮುಂದೆ ಬಂದದ್ದು ಬರೀ "ಕಾಯ್ತಿದ್ದೀನಿ", "ಕಾಯ್ತಿದ್ದೀನಿ", "ನಾನೂ ಕಾಯ್ತಿದ್ದೀನಿ". ಯಾರು ಯಾರನ್ನು ಎಂಬುದಿಲ್ಲ. ನಾನು ಹಾಸ್ಟೆಲಿನಲ್ಲಿದ್ದಾಗ ನಿನ್ನ ಪ್ರತಿ ಪತ್ರದ ಕೊನೆಯಲ್ಲೂ "ಉತ್ತರಕ್ಕೆ ಕಾಯ್ತಿರ್ತೀನಿ" ಇರುತ್ತಿತ್ತು. ಆ ಪದ ಕಂಡರೆ ನನಗೆ ಹೊಳೆಯುವ ಅರ್ಥ ಅದೊಂದೇ. ಅದನ್ನೇ ನಿರೀಕ್ಷೆಯ ಗುಡ್ಡೆಗೆ ಹಾಕಿ, ಮೇಲೆ "ಹಪಹಪಿ" ಎಂದು ಚೀಟಿ ಅಂಟಿಸಿದೆ. "ಗೇಟಲ್ಲಿದ್ದೀನಿ" ಎಂಬುದನ್ನು "ಸ್ಥಳದ ಮಾಹಿತಿ" ಅಂದೆ. "ದನ ಕಾದವನು ಕಣಯ್ಯಾ ನಾನು" ಎಂಬ ಸಾಲು ಎಲ್ಲಿ ಹೋಯಿತು ಗೊತ್ತಾ? "ವಿಷಯಾಂತರ". ಇಡೀ ಗುಟ್ಟು ಬಿಡಿಸುವ ಸಾಲನ್ನು ನನ್ನ ಕೈಯಾರೆ ಕಸಕ್ಕೆ ಹಾಕಿದ್ದೆ.

ಇನ್ನೊಂದು ಸಾಲಿತ್ತು. "ಮನೆಯಲ್ಲಿ ಮಾತಿಗೆ ಯಾರಿಲ್ಲ. ಅಲ್ಲಿ ಕಡೇಪಕ್ಷ ಬೈಯೋಕಾದರೂ ಬರ್ತಾರೆ." ಅದನ್ನು "ಜಗಳ ಹುಡುಕುವ ಪ್ರವೃತ್ತಿ"ಗೆ ಹಾಕಿದ್ದೆ. ಈಗ ಪಕ್ಕದಲ್ಲಿ ಹೆಸರಿದೆ: ಒತ್ತು. ಇದರ ಬಗ್ಗೆ ನಾವು ಮಾತಾಡಬೇಕು ದೊಡ್ಡಮ್ಮ, ಕಾಗದದಲ್ಲಲ್ಲ.

ಆದರೂ ಒಂದು ಮಾತು. ನೀವೂ ಮುಚ್ಚಿಟ್ಟಿರಿ. ಅವಧಿ ಮುಗಿದ ಮೇಲೆ ಬರೆಯಬಾರದು ಎಂಬ ನಿಯಮ ಮುರಿದಿರಿ, ಸರಿ, ನನ್ನ ಸಹೋದ್ಯೋಗಿಗೆ ಒಂದು ಮಾತು ಹೇಳಿದ್ದರೆ?

ನಿನ್ನೆ ನಿರ್ದೇಶಕರ ಬಳಿ ಹೋದೆ.

"ಒಂದು ಪದಕ್ಕೋಸ್ಕರ ವರದಿ ವಾಪಸ್ ತಗೋಬೇಕಾ?" ಅಂದರು.

"ಒಂದು ಪದ ಅಲ್ಲ ಸರ್, ವರದಿ ನಿಂತಿರೋದೇ ಆ ಪದದ ಮೇಲೆ."

"ಮುಂದಿನ ಮುದ್ರಣದಲ್ಲಿ ಅಡಿಟಿಪ್ಪಣಿ ಹಾಕೋಣ. ಅಂದ ಹಾಗೆ, ನಿಮಗೆ ಇದೆಲ್ಲ ಹೇಗೆ ಗೊತ್ತಾಯ್ತು?"

ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ನಿಮ್ಮ ದೊಡ್ಡಮ್ಮ ಗುಂಪಲ್ಲಿದ್ರಾ? ಇದು ಹೊರಗೆ ಹೋದ್ರೆ ಮೊದಲು ಕೇಳೋದು ನಿಮ್ಮನ್ನ. ಸೆಪ್ಟೆಂಬರಲ್ಲಿ ನಿಮ್ಮ ನೇಮಕಾತಿ ಮುಂದುವರಿಸಬೇಕು, ನೆನಪಿದೆ ತಾನೆ? ಅಡಿಟಿಪ್ಪಣಿ ಸಾಕಮ್ಮ."

ನನಗೂ ಆ ಹೊತ್ತಿಗೆ ಸಾಕು ಅನ್ನಿಸಿತು. ಸುಳ್ಳು ಹೇಳುವುದಿಲ್ಲ.

ನಿನ್ನ ಕತ್ತೆ


ಜುಲೈ 21

ನನ್ನ ಸೊನ್ನೆ,

ಕತ್ತೆ ಎಂಬ ಪದವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನನ್ನ ಜೀವಮಾನದಲ್ಲಿ ಹೀಗೆ ಹಿಂದಕ್ಕೆ ತೆಗೆದುಕೊಂಡ ಪದಗಳನ್ನು ಬೆರಳಿನಲ್ಲಿ ಎಣಿಸಬಹುದು. ಮುಚ್ಚಿಟ್ಟಿರಿ ಅಂದೆಯಲ್ಲ, ಅದೂ ಸರಿ. ಹೇಳಿದರೆ ಕೋಣೆಗೆ ಬೀಗ ಹಾಕುತ್ತಾರೆ ಎಂಬ ಭಯವಿತ್ತು. ಕೇಳದೆ ಬರೆದವರು ನೀವು, ಹೇಳದೆ ಉಳಿದವರು ನಾವು.

ಭಾನುವಾರ ದವಡೆ ಮನೆಗೆ ಬಂದಿದ್ದ, ಮಗಳನ್ನು ಕರೆದುಕೊಂಡು. ನಾವು ಮುಖ ನೋಡಿದ್ದು ಅದೇ ಮೊದಲು. ಬಾಗಿಲಲ್ಲೇ ನಿಂತು, "ನೀವೇನಾ ಒತ್ತು? ಬೈಯೋ ಧಾಟಿ ನೋಡಿ ರಿಟೈರ್ಡ್ ಹೆಡ್‌ಮಾಸ್ಟರ್ ಅನ್ಕೊಂಡಿದ್ದೆ" ಅಂದ. ಕೂತ ಮೇಲೆ ನನ್ನ ಬಾಯಿಯನ್ನೇ ನೋಡುತ್ತಿದ್ದ. ತಡೆಯಲಾರದೆ, "ಅಮ್ಮಾ, ಬೇಜಾರಾಗ್ಬೇಡಿ, ಮೇಲಿನ ಸೆಟ್ಟು ಯಾರು ಮಾಡಿದ್ದು? ಕಚ್ಚು ಕೂತಿಲ್ಲ, ಮೇಲಿನ ಹಲ್ಲು ಕೆಳಗಿನದಕ್ಕೆ ಸೇರ್ತಿಲ್ಲ" ಅಂದ. ಕಂಡವರ ತಪ್ಪು ತಿದ್ದುವ ಗೀಳು ನನಗೊಬ್ಬಳಿಗೇ ಇಲ್ಲ ಎಂದು ಸಮಾಧಾನವಾಯಿತು.

ಮಗು ಚುರುಕು. ಬಿಸ್ಕತ್ತು ತಿನ್ನುತ್ತಾ, "ಅಪ್ಪ ಗೇಟಿಗೆ ಬಂದ್ರೆ ಮೊದ್ಲು ಫೋನಲ್ಲಿ ಏನೋ ಬರೀತಾರೆ, ಆಮೇಲೆ ಬ್ಯಾಗ್ ಹಿಡ್ಕೋತಾರೆ. ಯಾರಿಗ್ ಬರೀತಾರೆ ಅಜ್ಜಿ?" ಎಂದು ಕೇಳಿತು. ನನಗೆ ಅಂದೆ. ನಂಬಲಿಲ್ಲ.

ನಿನ್ನ ಅಡಿಟಿಪ್ಪಣಿಯ ಸುದ್ದಿ ಹೇಳಿದೆ. ಅವನು ಮಗಳನ್ನು ಹಿತ್ತಲಿಗೆ ಆಡಲು ಕಳಿಸಿ ಮೆಲ್ಲಗೆ ಅಂದ: "ಅಡಿಟಿಪ್ಪಣಿ ಯಾರ್ ಓದ್ತಾರಮ್ಮಾ? ನನ್ ಹೆಂಡ್ತಿ ಓದಿದ್ದು ತಲೆಬರಹ. 'ನಿಮ್ಮನ್ನ ನಂಬಲ್ಲ ಅಂತಲ್ಲ ರೀ, ಆದ್ರೆ ಓದಿದವರು ಸುಮ್ನೆ ಬರೀತಾರಾ' ಅಂತಾಳೆ. ಏನ್ ಹೇಳ್ಲಿ? ಮಗು ಬಟ್ಟೆ ಜೋಡಿಸ್ಕೊಳ್ತಿದೆ. ನನ್ ಹತ್ರ ಕೇಳುತ್ತೆ, ಅಪ್ಪ, ಸ್ವೆಟರ್ ಬೇಕಾಗುತ್ತಾ ಅಂತ."

ಅವರು ಹೋದ ಮೇಲೆ ಕೂತು ನಿಮ್ಮ ನಿರ್ದೇಶಕರಿಗೊಂದು, ಪತ್ರಿಕೆಗೊಂದು ಪತ್ರ ಬರೆದೆ. ಚೆನ್ನಾಗಿಯೇ ಬಂದಿವೆ. ಆದರೆ ಕಳಿಸುವುದಿಲ್ಲ. ಸೆಪ್ಟೆಂಬರಿನ ಮಾತು ಓದಿದೆನಲ್ಲ. ಆ ಕೆಲಸಕ್ಕಾಗಿ ನೀನು ಎಷ್ಟು ಓದಿದೆ, ಎಷ್ಟು ಬಾಡಿಗೆ ಕೋಣೆ ಬದಲಿಸಿದೆ, ನನಗೆ ಗೊತ್ತು. ಊರಿನ ತಪ್ಪುಗಳಿಗೆಲ್ಲ ನಾನು ಪತ್ರ ಬರೆದವಳು, ನಿನ್ನ ಅನ್ನಕ್ಕೆ ಕಲ್ಲು ಹಾಕಿ ಒಂದನ್ನು ಬರೆಯಲಾರೆ. ಈ ಸಲ ಸುಮ್ಮನಿರುತ್ತೇನೆ. ದವಡೆಗೆ ಏನು ಹೇಳುವುದೋ ಇನ್ನೂ ತೋಚಿಲ್ಲ.

ನನ್ನ ಒಂದು ಸಾಲಿನ ಬಗ್ಗೆ ಮಾತಾಡಬೇಕು ಅಂದೆ. ಬೇಡ ಅನ್ನುವುದಿಲ್ಲ. ಬಾ.

ದೊಡ್ಡಮ್ಮ


ಜುಲೈ 27

ದೊಡ್ಡಮ್ಮ,

ನೀನು ಬೈದಾಗ ನನಗೆ ಇಷ್ಟು ಹೆದರಿಕೆ ಆಗಿರಲಿಲ್ಲ. ಸುಮ್ಮನಿರುತ್ತೇನೆ ಅಂದೆಯಲ್ಲ, ಆ ಸಾಲಿಗೆ ಹೆದರಿದೆ. ನೀನು ಸುಮ್ಮನಾದರೆ ಅದಕ್ಕೆ ಕಾರಣ ನಾನು ಎಂಬುದನ್ನು ಹೊತ್ತುಕೊಂಡು ಬದುಕಲು ನನ್ನಿಂದಾಗದು. ಆ ಮಗು ಸ್ವೆಟರ್ ಬೇಕಾ ಎಂದು ಕೇಳಿದ್ದನ್ನು ಬೇರೆ ಬರೆದು ಕಳಿಸಿದ್ದೀಯ. ಬರೆಯುವಾಗಲೇ ಗೊತ್ತಿತ್ತು ನಿನಗೆ, ಅಲ್ಲವಾ?

ದವಡೆಯವರ ಜೊತೆ ಫೋನಿನಲ್ಲಿ ಮಾತಾಡಿದೆ. ಅವರ ಒಪ್ಪಿಗೆ ಕೇಳಿದೆ. "ಹಾಕಿ ಮೇಡಂ, ಹೆಸರೂ ಬೇಕಾದ್ರೆ ಹಾಕಿ. ಈಗ ಮುಚ್ಚಿಡೋಕೆ ಏನುಳಿದಿದೆ?" ಅಂದರು. ಹೆಸರು ಹಾಕಲಿಲ್ಲ. ಅವರ ಹೆಂಡತಿಯ ಜೊತೆಗೂ ಮಾತಾಡಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ನೀವು ನನಗೆ ಫೋನಲ್ಲಿ ಹೇಳಿದ್ರೆ ನನಗೆ ಗೊತ್ತಾಗುತ್ತೆ. ನನ್ನ ಅತ್ತೆಗೆ, ಇಲ್ಲಿ ವಾರ್ಡಿನವರಿಗೆ? ಎಲ್ಲರೂ ಪೇಪರ್ ಓದಿದಾರೆ. ಪೇಪರಲ್ಲೇ ಹೇಳಿ" ಅಂದರು. ಸರಿಯಾಗಿಯೇ ಇದೆ.

ಕೆಳಗಿನದು ಇವತ್ತು ಬೆಳಿಗ್ಗೆ ಪತ್ರಿಕೆಗೂ ನಿರ್ದೇಶಕರಿಗೂ ಹೋಯಿತು. ತಿದ್ದಲು ಕಳಿಸುತ್ತಿಲ್ಲ, ಓದಲು ಕಳಿಸುತ್ತಿದ್ದೇನೆ. ಎಲ್ಲಾದರೂ ಒತ್ತು ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ. ಶನಿವಾರ ಬರುತ್ತೇನೆ, ಒಲೆಯ ಮೇಲೆ ಏನಾದರೂ ಇಟ್ಟು ಮರೆತುಬಿಡಬೇಡ.

ನಿನ್ನ ಸೊನ್ನೆ

ಮಾನ್ಯರೇ,

ನಮ್ಮ ಸಂಸ್ಥೆಯ ವರದಿಯಲ್ಲಿ "ಕಾಯ್ತಿದ್ದೀನಿ" ಎಂಬ ಪದವನ್ನು ತಪ್ಪಾಗಿ ವಿಂಗಡಿಸಿದವಳು ನಾನು. ಗುಂಪಿನ ಆರು ಸದಸ್ಯರು ತಮ್ಮಲ್ಲೊಬ್ಬರು ಆಟದಿಂದ ಎದ್ದು ಮಗಳನ್ನು ಶಾಲೆಯಿಂದ ಕರೆತರಲೆಂದು ದಿನವೂ ಅವರನ್ನು ಕಾಯುತ್ತಿದ್ದರು. ಯಾರೂ ಉತ್ತರಕ್ಕಾಗಿ ಹಪಹಪಿಸಲಿಲ್ಲ. ಆ ತಂದೆ ಗೆದ್ದರು. ನಮ್ಮ ಅಧ್ಯಯನದಲ್ಲಿ ಗೀಳಿಗೆ ಒಂದು ಮದ್ದು ಕಣ್ಣೆದುರಿಗೇ ಸಿಕ್ಕಿತ್ತು, ನಾವು ಅದಕ್ಕೇ ರೋಗದ ಹೆಸರಿಟ್ಟೆವು. ಗುಂಪಿನ ಸದಸ್ಯರೊಬ್ಬರು ನನ್ನ ದೊಡ್ಡಮ್ಮ. ವಿಂಗಡಿಸುವಾಗ ಅದು ನನಗೆ ತಿಳಿದಿರಲಿಲ್ಲ. ತಿಳಿದ ಮೇಲೆ ಮುಚ್ಚಿಡುವುದು ಸರಿಯಲ್ಲವೆಂದು ಇಲ್ಲಿ ಬರೆಯುತ್ತಿದ್ದೇನೆ.

ತಿದ್ದುಪಡಿಯನ್ನು ಮುಂದಿನ ಮುದ್ರಣದ ಅಡಿಟಿಪ್ಪಣಿಯಾಗಿ ಹಾಕುವ ಪ್ರಸ್ತಾಪವಿದೆ. ಒಂದು ಮಗು ಯಾರ ಮನೆಯಲ್ಲಿರಬೇಕು ಎಂಬುದು ಆಗಸ್ಟ್ ಹತ್ತರೊಳಗೆ ತೀರ್ಮಾನವಾಗುತ್ತದೆ. ಅಡಿಟಿಪ್ಪಣಿ ಅಷ್ಟರೊಳಗೆ ಬರುವುದಿಲ್ಲ, ಬಂದರೂ ಯಾರೂ ಓದುವುದಿಲ್ಲ. ಪತ್ರಿಕೆಯವರು ತಲೆಬರಹ ಹಾಕಿದ ಜಾಗದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ ತಿದ್ದುಪಡಿ ಹಾಕಬೇಕು.

ಇನ್ನು ನಿರ್ದೇಶಕರಿಗೆ ನನ್ನದೊಂದು ಪ್ರಶ್ನೆ. ಉತ್ತರವನ್ನು ನನ್ನ ಮೇಜಿಗೆ ಕಳಿಸಬೇಡಿ, ಇದೇ ಪತ್ರಿಕೆಯಲ್ಲಿ, ಊರೆಲ್ಲ ಓದುವ ಹಾಗೆ ಕೊಡಿ: ವರದಿಯನ್ನು ಅಚ್ಚಿಗೆ ಕಳಿಸುವ ಮುನ್ನ ಆ ಏಳು ಜನರಲ್ಲಿ ಒಬ್ಬರನ್ನಾದರೂ ಕರೆದು, "ನೀವು ಹೇಳಿದ್ದು ಇದೇನಾ?" ಎಂದು ನಾವು ಯಾಕೆ ಕೇಳಲಿಲ್ಲ?